ಕಿವಿಗೆ ಹತ್ತಿ ಇಟ್ಟು ಹಾಡಿದ ಹಾಡು

ಹದಿನೈದು ದಿನದಿಂದ ನನ್ನ ಎರಡು ಕಿವಿಯಲ್ಲೂ ಹತ್ತಿಯಿದೆ. ಬೆಳಿಗ್ಗೆ ಮೂರು ಹನಿ, ಸಂಜೆ ಮೂರು ಹನಿ ಔಷಧಿ ಬಿಟ್ಟು, ಮೇಲೊಂದು ಹತ್ತಿಯುಂಡೆ ಇಡಬೇಕೆಂದು ಆರ್.ಟಿ. ನಗರದ ಕಿವಿ ಡಾಕ್ಟರ ಅಪ್ಪಣೆ. ಔಷಧಿಗೆ ಹಳೆಯ ಬೀರುವಿನ ವಾಸನೆ. ಮೊದಲ ದಿನವೇ ಕೇಳಿದೆ, "ಡಾಕ್ಟ್ರೇ, ಕಿವಿ ಪೂರ್ತಿ ಹೋಗಿಬಿಡತ್ತಾ?"

"ಈಗ್ಲೇ ಯಾಕ್ರೀ ಅಷ್ಟು ಯೋಚ್ನೆ? ನಿಧಾನವಾಗಿ ಹೋಗತ್ತೆ" ಅಂದರು.

'ನಿಧಾನವಾಗಿ' ಎಂಬ ಮಾತಿನಲ್ಲಿ ಸಮಾಧಾನ ಕಾಣುವವರೂ ಇರಬಹುದು. ನಾನು ಆ ಪೈಕಿ ಅಲ್ಲ. ಮನೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋದ ಮೇಲೂ ವಾಪಸು ಬಂದು ಬೀಗ ಎಳೆದು ನೋಡುವ ಜಾತಿ ನನ್ನದು. ಅಂದಿನಿಂದ ಗಡಿಯಾರದ ಟಿಕ್ ಟಿಕ್ ಕೇಳುತ್ತಿದೆಯೇ, ಪಕ್ಕದ ಮನೆಯ ಕೊಳಾಯಿ ಕೇಳುತ್ತಿದೆಯೇ ಎಂದು ಪರೀಕ್ಷೆ ಮಾಡಿಕೊಳ್ಳುವುದೇ ಕೆಲಸವಾಗಿದೆ. ಈ ಪರೀಕ್ಷೆಯ ನಡುವೆ, ಮೊನ್ನೆ ಕ್ಷೌರ ಮಾಡಿಕೊಳ್ಳುತ್ತಾ, ನನಗೆ ತಿಳಿಯದೆಯೇ ಗುನುಗಿಕೊಂಡೆನಂತೆ. ಅಡಿಗೆಮನೆಯಿಂದ ಹೆಂಡತಿ ಕೂಗಿ ಹೇಳಿದಳು (ಈಗ ಎಲ್ಲವನ್ನೂ ಕೂಗಿಯೇ ಹೇಳಬೇಕು).

"ಏನ್ರೀ ಅದು? ಕುಕ್ಕರ್ ಕೂಗೋಕ್ ಮುಂಚೆ ಹುಂಯ್ ಅನ್ನತ್ತಲ್ಲ, ಹಾಗೇ ಇದೆ. ಮದುವೆ ಆದಾಗ್ನಿಂದ ಕೇಳ್ತಾ ಇದೀನಿ, ಒಂದ್ಸಲಾನೂ ಕೂಗ್ಲಿಲ್ಲ ನೋಡಿ."

"ಅದು ಹಾಡು ಕಣೇ."

"ಇದಾ?"

"ಪೂರ್ತಿ ಹಾಡಲ್ಲ. ಮೂರರಲ್ಲಿ ಒಂದು ಪಾಲು."

ಅವಳು ಒಗ್ಗರಣೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನನ್ನ ಮುಖ ನೋಡಿದಳು. ಔಷಧಿ ಕಿವಿಯಿಂದ ತಲೆಗೇನಾದರೂ ಇಳಿಯಿತೇ ಎಂಬ ನೋಟ. ಅವಳಿಗೆ ವಿವರಿಸಲು ಹೋಗಿ ಅರ್ಧಕ್ಕೇ ಬಿಟ್ಟೆ. ನಿಮಗಾದರೂ ಪೂರ್ತಿ ಹೇಳುತ್ತೇನೆ. ನಿಮ್ಮ ಕೈಯಲ್ಲಿ ಸೌಟಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ಕೆರೆ ದಾಟಿ ಯಲಹಂಕದ ಕಡೆ ಹೋದರೆ, ಬೇವಿನ ಮರಗಳ ನಡುವೆ ಒಂದು ಸಣ್ಣ ಕ್ರಿಶ್ಚಿಯನ್ ಕಾಲೇಜಿತ್ತು. ಹೆಂಚಿನ ಎರಡು ಕಟ್ಟಡ, ಸಭೆಗೆಂದು ಒಂದು ಉದ್ದನೆಯ ಹಾಲ್. ಎಲ್ಲ ತರಗತಿಗಳನ್ನು ಸೇರಿಸಿದರೂ ನೂರು ಜನವಿರಲಿಲ್ಲ. ನಾನು ತಣಿಸಂದ್ರದಿಂದ ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಆಗ ತಣಿಸಂದ್ರವೆಂದರೆ ನಮ್ಮ ದ್ರಾಕ್ಷಿ ತೋಟ, ಅದರಾಚೆ ಇನ್ನೊಬ್ಬರ ದ್ರಾಕ್ಷಿ ತೋಟ, ಅದರಾಚೆ ರಾಗಿ ಹೊಲ. ಮಗ ಕಾಲೇಜಿಗೆ ಹೋಗುವುದು ಅವ್ವನಿಗೆ ಹೆಮ್ಮೆ, ಆ ಕಾಲೇಜಿಗೆ ಹೋಗುವುದು ದಿಗಿಲು. "ಓದ್ಕಂಡು ಬಾ ಅಷ್ಟೇಯ. ಅವ್ರ ಜಾತಿಗೆ ಸೇರಿಸ್ಕಳ್ಳಾಕೆ ನೀರ್ನಾಗೆ ಮುಳುಗ್ಸಿಬುಟ್ಟಾರು, ಉಷಾರು" ಎಂದು ದಿನಾ ಗೇಟಿನವರೆಗೆ ಬಂದು ಹೇಳುತ್ತಿದ್ದಳು. ನನ್ನ ಈ ಚಿಂತೆಯ ಸ್ವಭಾವ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ. ನನ್ನನ್ನು ಯಾರೂ ಮುಳುಗಿಸಲಿಲ್ಲ. ಆದರೆ ಆ ವರ್ಷ ನಾನಾಗಿಯೇ ಬೇರೊಂದರಲ್ಲಿ ಮುಳುಗಿದೆ.

ಜೂನ್ ತಿಂಗಳಲ್ಲಿ ದಾವಿದಪ್ಪ ಮೇಷ್ಟ್ರು ಬಂದರು. ಕಲಿಸಲು ಬಂದದ್ದು ಚರಿತ್ರೆ. ಬರುವಾಗ ಕಾಲಿನಿಂದ ಒತ್ತುವ ಹಾರ್ಮೋನಿಯಂ ಒಂದನ್ನು ಎತ್ತಿನಗಾಡಿಯಲ್ಲಿ ಹೇರಿಕೊಂಡು ಬಂದರು. ಸಣ್ಣ ಮೈ, ಕೊರಳವರೆಗೆ ಗುಂಡಿ ಹಾಕಿದ ಕೋಟು, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಬಂದ ಎರಡನೇ ವಾರಕ್ಕೆ, ಕ್ರಿಸ್ಮಸ್ಸಿಗೆ ನಾಟಕವಾಡಬೇಕು, ಕೊನೆಯಲ್ಲಿ ಮೂರು ದನಿಯ ಹಾಡು ಹಾಡಬೇಕು ಎಂದು ಸಾರಿದರು. ನಾಟಕವೂ ಅವರೇ ಬರೆದದ್ದು, ಹಾಡೂ ಅವರೇ ಕಟ್ಟಿದ್ದು.

ಮೂರು ದನಿ ಎಂದರೇನೆಂದು ನನಗಾಗ ತಿಳಿದಿರಲಿಲ್ಲ. ನಮ್ಮೂರ ಭಜನೆಯಲ್ಲಿ ಇಪ್ಪತ್ತು ಜನ ಹಾಡಿದರೂ ಎಲ್ಲರದ್ದೂ ಒಂದೇ ದಾರಿ. ಬೇರೆ ದಾರಿ ಹಿಡಿದವನು ತಪ್ಪಿದವನು. ಇಲ್ಲಿ ಒಬ್ಬೊಬ್ಬರಿಗೂ ಬೇರೆ ದಾರಿ. ಮೇಲಿನ ದನಿ ಸುಗುಣಾಳದು. ಯಲಹಂಕದ ಪಾದ್ರಿಗಳ ಮಗಳು, ಹಾಡಿನ ಮುಖ್ಯ ಧಾಟಿಯೆಲ್ಲ ಅವಳ ಪಾಲಿಗೆ. ಕೆಳಗಿನ ದನಿ ಜಯರಾಜನದು. ಯಶವಂತಪುರದ ರೈಲ್ವೆ ಗಾರ್ಡರ ಮಗ, ಮಾತಾಡಿದರೆ ಖಾಲಿ ಡ್ರಮ್ಮು ಉರುಳಿಸಿದಂತೆ. ಇವರಿಬ್ಬರ ನಡುವಿನದು ನನಗೆ. ನನ್ನ ಕಂಠ ಚೆನ್ನಾಗಿದೆಯೆಂದಲ್ಲ. "ನಿನ್ನದು ಮೇಲಕ್ಕೂ ಹೋಗಲ್ಲ, ಕೆಳಕ್ಕೂ ಹೋಗಲ್ಲಪ್ಪಾ. ನಡುವೆ ಇರು" ಎಂದಿದ್ದರು ಮೇಷ್ಟ್ರು.

ಅವರ ಪದ್ಧತಿ ಒಂದಿತ್ತು. ಪೂರ್ತಿ ನಾಟಕ, ಪೂರ್ತಿ ಹಾಡು ಯಾರ ಕೈಗೂ ಕೊಡುತ್ತಿರಲಿಲ್ಲ. ಅವರವರ ಪಾಲನ್ನು ಮಾತ್ರ ಚೀಟಿಯಲ್ಲಿ ಬರೆದುಕೊಡುವುದು. ಮಾತಾದರೆ, ನಮ್ಮ ಮಾತು ಮತ್ತು ಅದಕ್ಕೆ ಮುಂಚೆ ಎದುರಿನವರು ಆಡುವ ಕೊನೆಯ ಎರಡು ಪದ. ಹಾಡಾದರೆ ನಮ್ಮ ಸಾಲಿನ ಸರಿಗಮ, ಅಷ್ಟೇ. ನಾಟಕದಲ್ಲಿ ನಾನು ಊರಬಾಗಿಲ ಕಾವಲುಗಾರ. ನನ್ನ ಚೀಟಿ ಹೀಗಿತ್ತು:

"...ದೂರದಿಂದ ಬಂದವರು."
ಯಾರು ಕಳಿಸಿದರು?
"...ಒಂದು ನಕ್ಷತ್ರ."
ಹಾಗಾದರೆ ಬೆಳಗಾಗುವವರೆಗೆ ಕಾಯಿರಿ.

ಬಾಗಿಲು ತೆಗೆಯಲು ಹೆದರುವವನ ಪಾತ್ರಕ್ಕೆ ನನ್ನನ್ನೇ ಯಾಕೆ ಆರಿಸಿದರೋ, ನಾನು ಕೇಳಲಿಲ್ಲ.

ಮಾತು ಸುಲಭವಾಗಿತ್ತು. ಕಷ್ಟವೆಲ್ಲ ಹಾಡಿನಲ್ಲಿ. ಒಬ್ಬನೇ ಹಾಡಿದರೆ ನನ್ನ ಸಾಲು ನೆಟ್ಟಗೆ ಬರುತ್ತಿತ್ತು. ಮೂವರೂ ಸೇರಿದೆವೋ, ಎರಡನೇ ಸಾಲಿಗೆ ಬರುವಷ್ಟರಲ್ಲಿ ಸುಗುಣಾಳ ದನಿ ನನ್ನನ್ನು ಕೈಹಿಡಿದು ಎಳೆದುಕೊಳ್ಳುತ್ತಿತ್ತು. ನಾನು ನನ್ನ ದಾರಿ ಬಿಟ್ಟು ಅವಳ ದಾರಿಗೆ ಜಾರಿಬಿಡುತ್ತಿದ್ದೆ. (ದನಿಯಷ್ಟೇ ಎಳೆಯುತ್ತಿದ್ದದ್ದೋ ಎಂದು ನೀವು ಕೇಳಬಹುದು. ಆಗ ಜಯರಾಜನೂ ಕೇಳಿದ್ದ. ಈ ವಯಸ್ಸಿನಲ್ಲಿ ಉತ್ತರ ಹೇಳಿ ಯಾರಿಗೂ ಉಪಯೋಗವಿಲ್ಲ.) ಜಾರಿ ಕೆಲವು ಸ್ವರ ಹೋಗುವಷ್ಟರಲ್ಲಿ ಮೇಷ್ಟ್ರ ಪೆನ್ಸಿಲ್ಲು ಹಾರ್ಮೋನಿಯಮ್ಮಿನ ಮೇಲೆ ಟಕ್ ಎನ್ನುತ್ತಿತ್ತು.

"ಜಾರಿದೆಯಪ್ಪಾ. ಮೊದಲಿಂದ."

ಜುಲೈ ಹೋಯಿತು, ದಸರಾ ಹೋಯಿತು. ಟಕ್, ಮೊದಲಿಂದ. ಟಕ್, ಮೊದಲಿಂದ. ಅಷ್ಟು ತಿಂಗಳಲ್ಲಿ ಒಂದು ದಿನವೂ ನಾವು ಮೂವರು ಸೇರಿ ಎರಡನೇ ಸಾಲು ದಾಟಲಿಲ್ಲ. ಕೊನೆಯ ಸಾಲಂತೂ ನನ್ನ ಚೀಟಿಯಲ್ಲಿ ಒಂದೇ ಸ್ವರ, ಎಂಟೆಣಿಕೆ ಹಿಡಿದು ನಿಲ್ಲಬೇಕು. "ಅಲ್ಲಿ ನೀನು ನಿಂತಿರ್ತೀಯ, ಅವರಿಬ್ಬರೂ ನಿನ್ನ ಸುತ್ತ ತಿರುಗಿ ಬರ್ತಾರೆ. ಕೇಳುವಿಯಂತೆ, ಎಷ್ಟು ಚೆಂದ ಇರ್ತದೆ" ಎಂದು ಮೇಷ್ಟ್ರು ಆಸೆ ತೋರಿಸುತ್ತಿದ್ದರು. ನನಗೆ ಆಸೆಗಿಂತ ಭಯ ಹೆಚ್ಚಾಯಿತು. ನಾಟಕದ ದಿನ ಎಲ್ಲರೆದುರು ಜಾರಿದರೆ? ಇವನೊಬ್ಬನಿಂದ ಎಲ್ಲ ಕೆಟ್ಟಿತು ಎಂದರೆ? ಸುಗುಣಾ ಏನಂದುಕೊಂಡಾಳು?

ಹೀಗೆ ಚಿಂತಿಸಿ ಚಿಂತಿಸಿ ಒಂದು ಉಪಾಯ ಹುಡುಕಿದೆ. ನನ್ನ ಜೀವಮಾನದ ಉಪಾಯಗಳಲ್ಲಿ ಯಶಸ್ವಿಯಾದದ್ದು ಅದೊಂದೇ. ಇವತ್ತಿಗೂ ಅದನ್ನು ನೆನೆದರೆ ಕೈ ಕೈ ಹಿಸುಕಿಕೊಳ್ಳುತ್ತೇನೆ.

ಡಿಸೆಂಬರಿನ ಆ ಸಂಜೆ ಹಾಲಿನ ತುಂಬ ಜನ. ಮುಂದಿನ ಚಾಪೆಯ ಮೇಲೆ ಅವ್ವ ಕೂತಿದ್ದಳು, ಮಡಿಲಲ್ಲಿ ಮೇಷ್ಟ್ರಿಗೆಂದು ತಂದ ಅವರೆಕಾಯಿಯ ಗಂಟು. ಸೊಗಡು ವೇದಿಕೆಯವರೆಗೂ ಬರುತ್ತಿತ್ತು. ಬಿದಿರಿಗೆ ಗೋಣಿ ಬಡಿದು ಬಣ್ಣ ಬಳಿದ ಊರಬಾಗಿಲಿನ ಹಿಂದೆ ನಾನು. ಅದರಲ್ಲೊಂದು ಕಿಂಡಿ. ಯಾರು ಕಳಿಸಿದರು ಎಂದು ಕೇಳಿದೆ, ಕಾಯಿರಿ ಎಂದು ಹೇಳಿದೆ, ಎಲ್ಲ ಸರಿಹೋಯಿತು. ಬಾಗಿಲಾಚೆ ಪ್ರಯಾಣಿಕನಾಗಿ ಜಯರಾಜ, ಕುರುಬರ ಹುಡುಗಿಯಾಗಿ ಸುಗುಣಾ. ಮೇಷ್ಟ್ರು ಹಾರ್ಮೋನಿಯಂ ಒತ್ತಿ ಶ್ರುತಿ ಕೊಟ್ಟರು. ನನ್ನ ಸ್ವರ ಹಿಡಿದುಕೊಂಡೆ. ಹಿಡಿದುಕೊಂಡೇ, ಜೇಬಿನಲ್ಲಿದ್ದ ಎರಡು ಹತ್ತಿಯುಂಡೆ ತೆಗೆದು ಎರಡು ಕಿವಿಗೂ ಬಿಗಿಯಾಗಿ ತುರುಕಿದೆ.

ಲೋಕವೆಲ್ಲ ನೀರಿನೊಳಗೆ ಹೋಯಿತು. ಉಳಿದದ್ದು ನನ್ನ ತಲೆಯೊಳಗೆ ನನ್ನದೇ ದನಿ. ಕಿಂಡಿಯಿಂದ ಮೇಷ್ಟ್ರ ಕೈ ನೋಡುತ್ತಾ ಹಾಡಿದೆ. ಎರಡನೇ ಸಾಲು ಬಂತು, ಹೋಯಿತು, ಜಾರಲಿಲ್ಲ. ಸುಗುಣಾಳ ಬಾಯಿ ತೆರೆದು ಮುಚ್ಚುತ್ತಿತ್ತು. ಅವಳ ಕೊರಳ ನರ ಕಾಣುತ್ತಿತ್ತು. ಕೊನೆಯ ಸಾಲಿನಲ್ಲಿ ಎಂಟೆಣಿಕೆ ನಿಂತೆ. ಜನ ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಿದ್ದಾರೆ. ಯಾಕೆ ಏಳುತ್ತಿದ್ದಾರೆ, ಬೆಂಕಿಯೇನಾದರೂ ಬಿತ್ತೇ ಎಂದು ನನಗೆ ಗಾಬರಿ.

ಹಾಡಾದ ಮೇಲೆ ಇನ್ನೊಂದು ಮಾತಿತ್ತು, ಚೀಟಿಯ ಹಿಂಬದಿಯಲ್ಲಿ; ಗಾಬರಿಯಲ್ಲಿ ಮರೆತಿದ್ದೆ. ಜಯರಾಜ "ಇನ್ನಾದರೂ ತೆಗೆಯಪ್ಪಾ" ಅನ್ನಬೇಕು, ನಾನು ಬಾಗಿಲು ತೆಗೆಯಬೇಕು. ಅವನು ಅಂದನಂತೆ. ಎರಡು ಸಲ, ಮೂರು ಸಲ ಅಂದನಂತೆ. ನಾನು ಕಿಂಡಿಯಲ್ಲಿ ಮುಖವಿಟ್ಟುಕೊಂಡು ಕಂಬದ ಹಾಗೆ ನಿಂತಿದ್ದೆನಂತೆ. ಕೊನೆಗೆ ಅವ್ವನೇ ಎದ್ದು ಕೂಗಿದಳಂತೆ, ಗಂಟು ಸಮೇತ.

"ಲೇ ಮಗ, ಬಾಗ್ಲು ತೆಗಿಯೋ! ಅವಾಗ್ನಿಂದ ಕಾಯ್ತಾ ಅವ್ರೆ, ಇಂಗ್ಯಾಕ್ಲಾ ನಿಂತ್ಕಂಡಿದ್ದೀಯ!"

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಜಯರಾಜ ಗೋಣಿಯ ಬಾಗಿಲನ್ನು ಒದ್ದು ತಾನೇ ಒಳಗೆ ಬಂದ.

ಪರದೆ ಬಿದ್ದ ಮೇಲೆ ಮೇಷ್ಟ್ರು ಬಂದರು. ಅವರ ತುಟಿ ಆಡಿತು, ನನಗೆ ಕೇಳಲಿಲ್ಲ. ಹತ್ತಿರ ಬಂದು, ಮಗುವಿನ ಕಿವಿಯಿಂದ ತೆಗೆಯುವಂತೆ ಎರಡು ಬೆರಳಲ್ಲಿ ಹತ್ತಿ ತೆಗೆದರು. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವರು ಅಂಗೈಯಲ್ಲಿದ್ದ ಹತ್ತಿಯನ್ನೇ ನೋಡುತ್ತಾ ಕೇಳಿದರು:

"ಹಾಗಾದ್ರೆ ನೀನು ಕೇಳಲೇ ಇಲ್ಲವೇನಪ್ಪಾ?"

ಇಲ್ಲ ಎಂದು ತಲೆಯಾಡಿಸಿದೆ.

"ಅಯ್ಯೋ" ಅಂದರು. ಆಮೇಲೆ, "ರಜ ಮುಗಿಸಿ ಬಾ. ನಿನಗೋಸ್ಕರ ಇನ್ನೊಂದು ಸಲ ಹಾಡೋಣ."

ರಜ ಮುಗಿಸಿ ಹೋದಾಗ ಹಾಲಿನಲ್ಲಿ ಹಾರ್ಮೋನಿಯಂ ಇರಲಿಲ್ಲ. ಮೇಷ್ಟ್ರನ್ನು ಕೋಲಾರದ ಕಡೆಯ ಶಾಲೆಯೊಂದಕ್ಕೆ ವರ್ಗ ಮಾಡಿದ್ದರು. ಅವರ ಜೊತೆ ಆ ಹಾಡಿನ ಪೂರ್ತಿ ಪ್ರತಿಯೂ ಹೋಯಿತು. ಕಾಗದ ಬರೆದು ಕೇಳಬಹುದಿತ್ತು. ಬರೆದೆ ಕೂಡ, ಏಳೆಂಟು ಸಲ. 'ಪೂಜ್ಯ' ಎಂದಿರಬೇಕೋ 'ಪ್ರಿಯ' ಎಂದಿರಬೇಕೋ ನಿರ್ಧಾರವಾಗದೆ ಯಾವುದನ್ನೂ ಡಬ್ಬಿಗೆ ಹಾಕಲಿಲ್ಲ. ಅವರು ತೀರಿಕೊಂಡ ಸುದ್ದಿ ಬರುವವರೆಗೂ ನಿರ್ಧಾರವಾಗಿರಲಿಲ್ಲ.

ಆ ಹಾಡು ಕೇಳಿದವರು ನನಗೆ ವರ್ಷಗಟ್ಟಲೆ ಸಿಗುತ್ತಲೇ ಇದ್ದರು. "ಕೊನೇ ಸಾಲು, ಮೈ ಜುಂ ಅಂದಿತ್ತು ಕಣ್ರೀ" ಅನ್ನುತ್ತಿದ್ದರು. ಹೇಗಿತ್ತು, ಸ್ವಲ್ಪ ಹೇಳಿ ಎಂದರೆ ಯಾರಿಗೂ ಬಾರದು. ನನಗೆ ಬರುವುದು ನನ್ನ ನಡುವಿನ ಪಾಲು, ಅದು ತಾನಾಗಿ ಹಾಡಲ್ಲ. ಸುಗುಣಾಳ ಧಾಟಿ ಯಾಕೆ ನೆನಪಿಲ್ಲವೆಂದರೆ, ಅದನ್ನು ಕಿವಿಯಿಂದ ಅಟ್ಟುವುದನ್ನೇ ಅಷ್ಟು ತಿಂಗಳೂ ಅಭ್ಯಾಸ ಮಾಡಿದ್ದೆನಲ್ಲ.

ಜಯರಾಜ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಅಪ್ಪನ ಹಾಗೆ ರೈಲ್ವೆ ಸೇರಿ ಯಶವಂತಪುರದಲ್ಲೇ ಇದ್ದ. ಮದುವೆಮನೆಗಳಲ್ಲಿ ಕಂಡರೆ "ಏನೋ ಹತ್ತಿ, ಸಮಾಚಾರ?" ಎಂದು ಅಷ್ಟು ಜನರ ನಡುವೆ ಕೂಗುತ್ತಿದ್ದ. ಆ ಹೆಸರಿಗೆ ಹೆದರಿ ನಾನು ಊಟದ ಪಂಕ್ತಿ ಬದಲಿಸುತ್ತಿದ್ದೆ. ಹಾಡಿನ ಮಾತು ಅವನೊಡನೆ ಎತ್ತಲೇ ಇಲ್ಲ.

ಆದರೆ ಡಾಕ್ಟರ ಆ 'ನಿಧಾನವಾಗಿ' ನನ್ನನ್ನು ನಿಲ್ಲಗೊಡಲಿಲ್ಲ. ಕಿವಿ ಇರುವಾಗಲೇ ಒಂದು ಸಲ ಕೇಳಬೇಕು. ಕಳೆದ ಭಾನುವಾರ ಬಸ್ಸು ಹತ್ತಿದೆ. ಅವನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಾ ಕೂತಿದ್ದೆ. ಕಂಡಕ್ಟರು ಯಶವಂತಪುರ ಎಂದು ಕೂಗಿದ್ದು ಹತ್ತಿಯೊಳಗೆ ಇಳಿಯಲಿಲ್ಲ. ಗೊರಗುಂಟೆಪಾಳ್ಯದಲ್ಲಿ ಇಳಿದು, ಲಾರಿಗಳ ಧೂಳು ಕುಡಿಯುತ್ತಾ ವಾಪಸು ನಡೆದೆ.

ಬಾಗಿಲು ತೆಗೆದ ಜಯರಾಜ ನನ್ನ ಕಿವಿ ನೋಡಿದ. ಐದು ನಿಮಿಷ ಗೋಡೆ ಹಿಡಿದುಕೊಂಡು ನಕ್ಕ. "ಇನ್ನೂ ತೆಗ್ದೇ ಇಲ್ವೇನೋ ಗುರು ಅದನ್ನ!"

ಕಾಫಿಯಾಯಿತು. ಬಂದ ಕಾರಣ ಹೇಳಿದೆ. ಅವನ ನಗು ನಿಂತಿತು. "ಸುಗುಣಾ ತೀರ್ಹೋಗಿ ಎರಡು ವರ್ಷ ಆಯ್ತಲ್ಲೋ, ಗೊತ್ತಿಲ್ವಾ? ಹುಬ್ಬಳ್ಳೀಲಿ" ಅಂದ. ಗೊತ್ತಿರಲಿಲ್ಲ. ಹೊರಗೆ ಗೂಡ್ಸ್ ಗಾಡಿ ಹೋಗುತ್ತಿತ್ತು. ಅದು ಪೂರ್ತಿ ದಾಟಲಿ ಎಂದು ಕಾದೆವು.

"ನಂದು ನಂಗ್ ಬರತ್ತೆ. ನಿಂದು ನಿಂಗ್ ಬರತ್ತೆ" ಅಂದ ಜಯರಾಜ. "ಅವಳದ್ದಿಲ್ದೆ ಏನ್ ಕೇಳ್ತೀಯೋ?"

"ಇರೋದೇ ಹಾಡೋಣ."

ಹತ್ತಿ ತೆಗೆದು ಲೋಟದ ಪಕ್ಕ ಇಟ್ಟೆ. ಅವನ ಡ್ರಮ್ಮು ತುಕ್ಕು ಹಿಡಿದಿತ್ತು, ಆದರೆ ಉರುಳಿತು. ಮೊದಲ ಸಾಲು ಹಾಡಿದೆವು. ನಡು ಮತ್ತು ಅಡಿ, ಸೂರಿಲ್ಲದ ಮನೆ. ನಿಲ್ಲಿಸೋಣ ಎನ್ನುವಷ್ಟರಲ್ಲಿ ಅವನು ಕೈ ಎತ್ತಿ ತಡೆದ.

"ಎರಡನೇ ಸಾಲಲ್ಲಿ ನೀನು ಜಾರ್ತಿದ್ದೆಯಲ್ಲೋ."

"ಹ್ಞೂಂ."

"ಎಲ್ಲಿಗೆ ಜಾರ್ತಿದ್ದೆ?"

"ಅವಳ ದಾರಿಗೆ."

"ಮತ್ತೆ? ಜಾರು ಮಗಾ! ನಾನು ಹಿಡ್ಕೊಂಡಿರ್ತೀನಿ, ಜಾರು!"

ಅವನು ಎರಡನೇ ಸಾಲು ಎತ್ತಿದ. ಆ ಅಡಿದನಿಯ ಮೇಲೆ ನನ್ನ ದಾರಿಯಲ್ಲಿ ನಾಲ್ಕು ಹೆಜ್ಜೆ ಇಟ್ಟೆ. ಐದನೆಯದಕ್ಕೆ, ಹದಿನೆಂಟರ ವಯಸ್ಸಿನಲ್ಲಿ ತಡೆದ ಹಾಗೆ ತಡೆಯದೆ, ಬಿಟ್ಟೆ. ಕಂಠ ತಾನಾಗಿ ಮೇಲಕ್ಕೆ ಹೋಯಿತು. ಎಲ್ಲಿಗೆ ಹೋಗುತ್ತಿದೆಯೆಂದು ನನಗೆ ಗೊತ್ತಿರಲಿಲ್ಲ, ಅದಕ್ಕೆ ಗೊತ್ತಿತ್ತು. ಏಳು ಸ್ವರವೋ ಎಂಟೋ. ಸುಗುಣಾಳ ಕೊರಳ ನರ ಕಂಡಂತಾಯಿತು. ಈ ಸಲ ದನಿಯೂ ಇತ್ತು. ನನ್ನ ಒಡಕು ಕಂಠದ್ದೇ ಇರಲಿ, ಇದೇ ಅದು, ಇದೇ.

ಇದ್ದಕ್ಕಿದ್ದಂತೆ ಇಬ್ಬರೂ ಒಟ್ಟಿಗೆ ನಿಂತೆವು. ಮೇಷ್ಟ್ರ ಪೆನ್ಸಿಲ್ಲು ಟಕ್ ಎನ್ನುತ್ತಿದ್ದ ಜಾಗ ಅದು. ಅದರಾಚೆ ನಾನು ಯಾವತ್ತೂ ಜಾರಿರಲಿಲ್ಲ.

ಜಯರಾಜ ಅಂಗೈಯಿಂದ ಕಣ್ಣೊರೆಸಿಕೊಂಡು, ಮೇಷ್ಟ್ರ ದನಿಯಲ್ಲಿ, "ಮೊದಲಿಂದ" ಅಂದ.

ಇವತ್ತು ಸಂಜೆ ಹೆಂಡತಿ ಔಷಧಿ ಸೀಸೆ, ಹತ್ತಿ ಹಿಡಿದುಕೊಂಡು ಬಂದು, "ಕಿವಿ ಕೊಡಿ" ಅಂದಳು. ಸ್ವಲ್ಪ ತಾಳು ಎಂದು ಕೈ ತೋರಿಸಿ, ಆ ಏಳೆಂಟು ಸ್ವರ ಹೇಳಿದೆ. ಅವಳು ಹತ್ತಿ ಹಿಡಿದೇ ನಿಂತಳು.

"ಆಮೇಲೆ?"

"ಆಮೇಲಿಂದು ಗೊತ್ತಿಲ್ಲ ಕಣೇ. ಅಷ್ಟೇ ಇರೋದು."

ಅವಳು ಸೀಸೆಯ ಮುಚ್ಚಳ ತಿರುಗಿಸಿ ಮತ್ತೆ ಹಾಕಿದಳು. ಮಂಚದ ಅಂಚಿಗೆ ಕೂತು, "ಅಷ್ಟನ್ನೇ ಇನ್ನೊಂದ್ಸಲ ಹೇಳಿ" ಅಂದಳು.