ಬ್ಯಾಡ ಅಂದಷ್ಟೂ ಬೆಳಕು

ಹತ್ತಿಮತ್ತೂರಿನ ಆ ದೀಪದ ಕಂಬ ನೆನಪಾದರೆ ಈಗಲೂ ನನ್ನ ರಕ್ತ ಕುದಿಯುತ್ತದೆ. ಕುದಿಯಬಾರದು, ಬಿಪಿ ಇದೆ. ಬಿಪಿ ಇದೆಯಲ್ಲ ಎಂಬ ಚಿಂತೆಗೆ ಇನ್ನಷ್ಟು ಕುದಿಯುತ್ತದೆ.

ಸವಣೂರಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ದಿನವಿಡೀ ಮಂದಿಯ ಆಧಾರ್ ಕಾರ್ಡಿನ ಮೇಲೆ ಬೆಳಕು ಹಾಯಿಸಿಕೊಂಡು ಕೂತ ಮನುಷ್ಯನಿಗೆ ಐವತ್ತರ ಹತ್ತಿರ ಆಕಾಶದ ಹುಚ್ಚು ಹಿಡಿಯಿತು. ಬೇಟೆಗಾರನ ಆಕಾರದ ನಕ್ಷತ್ರಪುಂಜ ಮಹಾವ್ಯಾಧನ ಸೊಂಟದ ಮೂರು ಚುಕ್ಕೆಗಳ ಕೆಳಗೆ, ಅವನ ಕತ್ತಿಯ ನಡುವೆ, ಬರಿಗಣ್ಣಿಗೆ ಮಬ್ಬಾಗಿ ಕಾಣುವ ಒಂದು ಬೆಳಕಿದೆ. ಕ್ಯಾಮೆರಾ ಸಾಕಷ್ಟು ಹೊತ್ತು ದಿಟ್ಟಿಸಿದರೆ ಅದು ಗುಲಾಬಿ ಮೋಡವಾಗಿ ಅರಳುತ್ತದೆ. ನೀಹಾರಿಕೆ. ಯಾರೋ ತೆಗೆದ ಅದರ ಚಿತ್ರವನ್ನು ಫೋನಿನಲ್ಲಿ ನೋಡಿದ್ದೆ. ನನ್ನ ಕೈಯಿಂದಲೂ ಒಮ್ಮೆ ತೆಗೆಯಬೇಕು ಅನ್ನಿಸಿತು. ಇಷ್ಟೇ ಆಸೆ. ಸನ್ಯಾಸ ತಗೋತೀನಿ ಅನ್ನಲಿಲ್ಲ, ಎಲೆಕ್ಷನ್ನಿಗೆ ನಿಲ್ಲುತ್ತೀನಿ ಅನ್ನಲಿಲ್ಲ.

ಇದಕ್ಕೆಂದೇ ಸಿಗುವ ಯಂತ್ರಗಳ ಬೆಲೆ ನೋಡಿ ಫೋನನ್ನು ಬೋರಲು ಮಲಗಿಸಿದೆ. ಹಾನಗಲ್ಲಿನ ಸ್ಟುಡಿಯೋ ಒಂದರಿಂದ, ಮದುವೆಗಳನ್ನು ತೆಗೆದು ತೆಗೆದು ಬಣ್ಣ ಸವೆದ ಹಳೆಯ ಕ್ಯಾಮೆರಾ ತಂದೆ. ಆದರೆ ಭೂಮಿ ಸುಮ್ಮನಿರುವುದಿಲ್ಲವಲ್ಲ. ಅರ್ಧ ನಿಮಿಷ ಲೆನ್ಸ್ ತೆರೆದಿಟ್ಟರೆ ಚುಕ್ಕೆಗಳು ಗೆರೆಯಾಗುತ್ತವೆ. ಅದಕ್ಕೆ ಬಡವರ ಉಪಾಯವೊಂದಿದೆ: ಎರಡು ಹಲಗೆ, ಅವನ್ನು ಕೂಡಿಸಲು ಬಾಗಿಲಿನ ಬಿಜಾಗರಿ, ಒಂದು ಉದ್ದನೆಯ ಬೋಲ್ಟು. ಬಿಜಾಗರಿಯನ್ನು ಧ್ರುವ ನಕ್ಷತ್ರಕ್ಕೆ ಗುರಿಯಿಟ್ಟು ಬೋಲ್ಟನ್ನು ಮೆಲ್ಲಗೆ ಕೈಯಿಂದ ತಿರುಗಿಸುತ್ತಿದ್ದರೆ, ಕ್ಯಾಮೆರಾ ಹೊತ್ತ ಮೇಲಿನ ಹಲಗೆ ಆಕಾಶದ ಜೊತೆಗೇ ಏಳುತ್ತ ಹೋಗುತ್ತದೆ. ಮಾಡಿಕೊಟ್ಟ ಶಿಗ್ಗಾವಿಯ ಬಡಗಿ, “ಇಲಿ ಬೋನೇನ್ರಿ ಇದು?” ಎಂದು ಕೇಳಿದ. ವಿವರಿಸುವ ಧೈರ್ಯವಾಗದೆ ಹೌದು ಎಂದೆ.

ನಮ್ಮ ಕಡೆ ಧ್ರುವ ನಕ್ಷತ್ರ ಬಹಳ ತಗ್ಗಿನಲ್ಲಿರುತ್ತದೆ. ನಮ್ಮ ಮಾಳಿಗೆಯಿಂದ ನೋಡಿದರೆ ಅದು ನೀರಿನ ಟಾಕಿಯ ಹಿಂದೆ. ಉತ್ತರದ ಕಡೆ ಬಯಲು, ಸುತ್ತ ಕತ್ತಲು, ಹೀಗಿರುವ ಜಾಗ ನನಗೆ ಗೊತ್ತಿದ್ದದ್ದು ಒಂದೇ: ಹತ್ತಿಮತ್ತೂರಿನಲ್ಲಿ ಹೆಂಡತಿಯ ತವರುಮನೆಯ ಹಿತ್ತಲಿಗೆ ಹತ್ತಿದ ಹೊಲ. ಗೋವಿನಜೋಳ ಮುರಿದು ಖಾಲಿಯಾಗಿತ್ತು.

ಎಡವಟ್ಟಾದದ್ದು ಅಲ್ಲೇ. ಆ ಮನೆಯಲ್ಲಿ ನಾನು ಅಳಿಯ. ನಮ್ಮ ಸೀಮೆಯಲ್ಲಿ ಅಳಿಯನ ಮಾತನ್ನು ಯಾರೂ ಇದ್ದಹಾಗೆ ಕೇಳಿಸಿಕೊಳ್ಳುವುದಿಲ್ಲ. ಅವನು ‘ಬ್ಯಾಡ’ ಅಂದರೆ ಸಂಕೋಚ. ‘ಸಾಕು’ ಅಂದರೆ ಇನ್ನೊಂದು ಹೋಳಿಗೆ. ತಾಟಿಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ತುಪ್ಪ. ಮದುವೆಯಾದಾಗಿನಿಂದ ಈ ಪದ್ಧತಿ ನನಗೂ ಒಗ್ಗಿತ್ತು. ನನ್ನ ಹೊಟ್ಟೆ ನೋಡಿದವರಿಗೆ ಗೊತ್ತಾಗುತ್ತದೆ.

ಮೊದಲ ಅಮಾವಾಸ್ಯೆಯ ಸಂಜೆ ಎಲ್ಲ ಜೋಡಿಸಿದೆ. ಚೇಳು ಬಂದೀತೆ, ಲೆನ್ಸಿಗೆ ಮಂಜು ಕೂತೀತೆ, ಬ್ಯಾಟರಿ ಸತ್ತೀತೆ ಎಂದು ಒಂದೊಂದನ್ನೂ ಮೂರು ಮೂರು ಸಲ ಚಿಂತಿಸಿ ಮುಗಿಸುವಷ್ಟರಲ್ಲಿ ಅತ್ತೆ ಟಾರ್ಚು ಹಿಡಿದುಕೊಂಡು ಬಂದರು. ಬೆಳಕು ನೆಟ್ಟಗೆ ಲೆನ್ಸಿನೊಳಕ್ಕೆ.

“ಕತ್ತಲಾಗ ಯಾಕ ಕುಂತೀರಿ ಅಳಿಯಾರ?”

“ಬೆಳಕು ಬ್ಯಾಡ್ರಿ ಅತ್ತಿ. ಇದಕ್ಕ ಕತ್ತಲಾನ ಬೇಕು.”

“ಅಯ್ಯ, ನಮ್ಮ ಮುಂದ ಎಂಥಾ ಸಂಕೋಚರಿ!” ಎಂದು ಟಾರ್ಚನ್ನು ಉರಿಯುತ್ತಿದ್ದಂತೆಯೇ ನನ್ನ ಪಕ್ಕದ ಕಲ್ಲಿನ ಮೇಲಿಟ್ಟು ಒಳಗೆ ಹೋದರು. ನಾನು ಆರಿಸಿದೆ. ಮತ್ತೆ ಬಂದು ಹಚ್ಚಿದರು, ಚಹಾ ಸಮೇತ. ಅಷ್ಟರಲ್ಲಿ ಮೋಡ ಕವಿಯಿತು.

ಮುಂದಿನ ಅಮಾವಾಸ್ಯೆಗೆ ಹೆಂಡತಿಯ ತಮ್ಮ ಟ್ರ್ಯಾಕ್ಟರನ್ನು ಹೊಲದ ಬದುವಿಗೆ ತಂದು ಹೆಡ್‌ಲೈಟ್ ಬಿಟ್ಟ. ಬ್ಯಾಡ ಮಾರಾಯ ಎಂದು ಕೈ ಮುಗಿದೆ. ಕೈ ಮುಗಿದ ಅಳಿಯನನ್ನು ನೋಡಿ ಅವನಿಗೆ ಇನ್ನಷ್ಟು ಅಭಿಮಾನ ಉಕ್ಕಿ, ಎಂಜಿನ್ನನ್ನೂ ಚಾಲೂ ಇಟ್ಟ. ಚಿತ್ರದಲ್ಲಿ ಬಂದದ್ದು ಬರೀ ಬೂದು ಬಣ್ಣ.

ಉಳಿದದ್ದು ಒಂದು ಅಮಾವಾಸ್ಯೆ. ಅದು ದಾಟಿದರೆ ಮಹಾವ್ಯಾಧ ಸಂಜೆಗೇ ಪಡುವಣಕ್ಕೆ ಇಳಿದುಬಿಡುತ್ತಾನೆ. ಮುಂದಿನ ಚಳಿಗಾಲ ಇದೆಯಲ್ಲ ಅನ್ನಬಹುದು. ಮುಂದಿನ ಚಳಿಗಾಲ ಎಂದೊಡನೆ ನನಗೆ ಕಣ್ಣಿನ ಪೊರೆ, ಮಂಡಿನೋವು, ಕ್ಯಾಮೆರಾದ ಆಯುಷ್ಯ, ನನ್ನ ಆಯುಷ್ಯ, ಎಲ್ಲ ಸಾಲಾಗಿ ನೆನಪಾಗುತ್ತವೆ.

ಆ ಸಂಜೆ ನಾನು ಬಸ್ಸಿಳಿಯುವುದನ್ನೇ ಕಾಯುತ್ತಿದ್ದ ಹೆಂಡತಿಯ ತಮ್ಮ ಕೈ ಹಿಡಿದು ಹಿತ್ತಲಿಗೆ ಎಳೆದೊಯ್ದ. ಹೊಲದ ಉತ್ತರದ ಅಂಚಿಗೆ ಹೊಸ ಕಂಬ. ಅದರ ನೆತ್ತಿಯ ಮೇಲೆ ಬೆಳ್ಳನೆಯ ಎಲ್‌ಇಡಿ ದೀಪ ಮದುವೆ ಮನೆಯ ಹಾಗೆ ಉರಿಯುತ್ತಿತ್ತು. ಧ್ರುವ ನಕ್ಷತ್ರ ಇರಬೇಕಾದ ಜಾಗದಲ್ಲೇ, ಗುರಿಯಿಟ್ಟು ನೆಟ್ಟ ಹಾಗೆ.

“ನೋಡ್ರಿ ಮಾಮಾ! ಪಂಚಾಯ್ತಿಯವ್ರ ಬೆನ್ನು ಹತ್ತಿ ಹಾಕ್ಸೇನಿ. ನಮ್ಮ ಅಳಿಯಾರು ಕತ್ತಲಾಗ ತಡಕಾಡಿದ್ರ ಓಣಿ ಮಂದಿ ಏನಂದಾರು?”

“ಬಂದ್ ಮಾಡು ಅದನ್ನ.”

“ಇರ್ಲಿ ಬಿಡ್ರಿ. ನಿಮಗ ಎಲ್ಲಾದಕ್ಕೂ ನಾಚಿಕಿ.”

“ಬಂದ್ ಮಾಡಲೇ!”

ಆ ಮನೆಯ ಯಾರಿಗೂ ನಾನು ‘ಲೇ’ ಅಂದವನಲ್ಲ. ಅಂದ ಮೇಲೆ ನಿಲ್ಲಿಸಲೂ ಆಗಲಿಲ್ಲ. “ಬ್ಯಾಡ ಅಂದ್ರ ಬ್ಯಾಡ! ಒಂದು ಥಂಡಿ ಪೂರ್ತಿ ಬಡಕೊಳ್ಳಾಕತ್ತೇನಿ, ಈ ಮನ್ಯಾಗ ಒಬ್ಬರಿಗರ ಕಿವಿ ಐತೇನು? ನಿಮ್ಮ ಟಾರ್ಚಿಗೆ, ನಿಮ್ಮ ಟ್ರ್ಯಾಕ್ಟರಿಗೆ, ನಿಮ್ಮ ಕಂಬಕ್ಕ ಬೆಂಕಿ ಹಚ್ಚಲಿ!”

ಬೆಂಕಿ ಹಚ್ಚಿದರೂ ಬೆಳಕೇ ಆಗುತ್ತದೆ ಎಂಬುದು ಆಮೇಲೆ ಹೊಳೆಯಿತು. ಹಿತ್ತಲ ಬಾಗಿಲಲ್ಲಿ ಅತ್ತೆ ಬಾಯಿಗೆ ಸೆರಗು ಹಚ್ಚಿ ನಿಂತಿದ್ದರು. ಅವರ ಹಿಂದೆ, ಬೆಳಿಗ್ಗೆಯೇ ತವರಿಗೆ ಬಂದಿದ್ದ ನನ್ನ ಹೆಂಡತಿ.

“ಅವ್ವಾ, ಅವ್ರು ಖರೇನ ಬ್ಯಾಡ ಅನ್ನಾಕತ್ತಾರ,” ಎಂದಳು ಅವಳು.

“ಹಂಗಂತ ಮೊದಲ ಹೇಳಬಾರದಿತ್ತೇನವಾ?” ಎಂದರು ಅತ್ತೆ.

ಆ ಕ್ಷಣ ನಾನು ಬೋಲ್ಟು, ಹಲಗೆ, ಬಿಜಾಗರಿ ಎಲ್ಲವನ್ನೂ ಬಾವಿಗೆ ಎಸೆಯದೆ ಇದ್ದದ್ದು ಅಲ್ಲಿ ಬಾವಿ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ.

ಹೆಂಡತಿಯ ತಮ್ಮ ಹೋಗಿ ಕಂಬದ ಫ್ಯೂಜು ಕಿತ್ತ. ಕತ್ತಲು ಬಂತು. ಸ್ವಲ್ಪ ಹೊತ್ತಿಗೆ ಉತ್ತರದ ಅಂಚಿನಲ್ಲಿ ಧ್ರುವ ನಕ್ಷತ್ರ ಸಣ್ಣಗೆ ಕಂಡಿತು. ಸಿಟ್ಟಿನಲ್ಲಿ ಬೋಲ್ಟನ್ನು ಜೋರಾಗಿ ತಿರುಗಿಸಿ ಮೊದಲ ಚಿತ್ರಗಳನ್ನೆಲ್ಲ ಕೆಡಿಸಿದೆ, ಚುಕ್ಕೆಗಳು ಶಾವಿಗೆಯಾದವು. ಉಸಿರು ಹಿಡಿದು, ಹಲ್ಲು ಕಚ್ಚಿ, ಮತ್ತೆ ತಿರುಗಿಸಿದೆ. ಕ್ಯಾಮೆರಾದ ಬೆನ್ನಿನ ಸಣ್ಣ ಪರದೆಯ ಮೇಲೆ, ಚುಕ್ಕೆಗಳ ನಡುವೆ, ಬೆರಳಿನಿಂದ ಒರೆಸಿದಂಥ ಗುಲಾಬಿ ಕಲೆ ಮೂಡಿತು.

ಪರದೆಯ ಬೆಳಕು ಕಂಡು ಹೆಂಡತಿಯ ತಮ್ಮ ಮೆಲ್ಲಗೆ ಬಂದು ಬಗ್ಗಿದ.

“ಇದ ಏನ್ರಿ ಮಾಮಾ?”

“ಹೂಂ. ಇದ.”

“ಇದರ ಸಲುವಾಗಿ ನನಗ ಲೇ ಅಂದ್ರಿ?”

“ಹೊಸ ಚುಕ್ಕಿ ಹುಟ್ಟೋ ಜಾಗ ಅದು.” ನನ್ನ ದನಿಯಲ್ಲಿ ಸಿಟ್ಟು ಇನ್ನೂ ಇತ್ತು.

ಅವನು ಬಹಳ ಹೊತ್ತು ನೋಡಿದ. ಆಮೇಲೆ ತಲೆ ಕೆರೆದುಕೊಂಡು, “ಹಂಗಾರ ಕಂಬ ಆ ಕಡಿ ಸರಿಸ್ಲೇನ್ರಿ?” ಎಂದು ತೆಂಕಣಕ್ಕೆ ಕೈ ತೋರಿಸಿದ. ಮಹಾವ್ಯಾಧ ನಿಂತಿದ್ದದ್ದು ಅಲ್ಲೇ.

“ಏನೂ ಸರಿಸಬ್ಯಾಡ. ಏನೂ ಹಾಕಬ್ಯಾಡ. ನನ್ನ ಸಲುವಾಗಿ ಏನೂ ಮಾಡಬ್ಯಾಡ.”

“ಆತ್ರಿ ಮಾಮಾ,” ಎಂದ ಅವನು. ಎಂದವನು, ತಾಟಿಗೆ ಕೈ ಅಡ್ಡ ಹಿಡಿದ ಅಳಿಯನಿಗೆ ತುಪ್ಪ ಬಡಿಸುವವರ ಹಾಗೆ, ಸಣ್ಣಗೆ ನಕ್ಕ. ಆ ನಗು ನೋಡಿದಂದಿನಿಂದ ನನಗೆ ನಿದ್ದೆ ಸರಿಯಾಗಿಲ್ಲ.