ಏಕಾದಶಿಯ ಕಾಡಲ್

ಬಲಗೈಯಲ್ಲಿ ಸೌಟು, ಎಡಗೈ ಹೆಬ್ಬೆರಳು ದಪ್ಪ ಪುಸ್ತಕದ ಹಾಳೆಗಳ ನಡುವೆ, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲೆ ಸಾರಿನ ಆವಿ. ಕಾಕು ಅಂದರೆ ನನಗೆ ಈಗಲೂ ಇದೇ ಚಿತ್ರ. ಮೈಸೂರಿನಿಂದ ಬಂದ ನಮಗೆ ಕಾಚಿಗುಡಾದಲ್ಲಿ ಮಹಡಿ ಮನೆ ಬಾಡಿಗೆಗೆ ಕೊಟ್ಟವರು. ಕಲಬುರಗಿ ಕಡೆಯ ಮನೆತನ, ಅಲ್ಲಿ ಚಿಕ್ಕಮ್ಮನಿಗೆ ಕಾಕು ಎನ್ನುತ್ತಾರೆ; ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾಗಿದ್ದರು. ಇಡೀ ಹೈಟೆಕ್ ಸಿಟಿ ಅಮೆರಿಕದ ವೀಸಾಕ್ಕೆ ಬಾಯಿ ಬಿಡುತ್ತಿದ್ದ ಆ ವರ್ಷಗಳಲ್ಲಿ ಈ ಪುಣ್ಯಾತ್ಗಿತ್ತಿ ಆರುನೂರು ವರ್ಷ ಹಿಂದಿನ ಇಂಗ್ಲೆಂಡಿನ ಅಡುಗೆಮನೆಯಲ್ಲಿ ಕೂತಿದ್ದರು!

ಭಾನುವಾರ ಅಬಿಡ್ಸಿನ ಫುಟ್‌ಪಾತಿನಿಂದ ಹಳೆಯ ಪುಸ್ತಕ ಹೆಕ್ಕಿ ತರುವುದು, ವಾರವಿಡೀ ಅದರೊಳಗಿನ ತಿನಿಸುಗಳ ಹೆಸರಿನ ಬೆನ್ನು ಹತ್ತುವುದು. ನಾನು ಆಫೀಸಿನಿಂದ ಬಂದು ಮೆಟ್ಟಿಲು ಹತ್ತುವಾಗ ತಡೆದು ನಿಲ್ಲಿಸುತ್ತಿದ್ದರು. "ಪೇನ್ ಪರ್ಡ್ಯೂ ಅಂದ್ರ ಏನು ಹೇಳು? ಕಳಕೊಂಡ ಬ್ರೆಡ್ಡು! ಒಣಗಿ ಕಲ್ಲಾಗಿದ್ದನ್ನ ತತ್ತಿಯೊಳಗ ಅದ್ದಿ, ಕರದು ಉಳಿಸ್ಕೊಂಡಾರ. ನಮ್ಮಲ್ಲೆ ಬ್ರೆಡ್ ಕರದು ಡಬಲ್ ಕಾ ಮೀಠಾ ಮಾಡೂದಿಲ್ಲೇನು, ಹಂಗ." ಕಾಕೆಂಟ್ರಿಸ್ ಎಂಬುದು ಕೋಳಿಯ ಮುಂಭಾಗಕ್ಕೆ ಹಂದಿಯ ಹಿಂಭಾಗ ಹೊಲಿದು ಸುಟ್ಟದ್ದಂತೆ. ಈರುಳ್ಳಿಯನ್ನೂ ಮುಟ್ಟದ ಮಡಿ ಹೆಂಗಸು ಅದನ್ನು ಅಷ್ಟು ಹುರುಪಿನಿಂದ ವರ್ಣಿಸುವಾಗ ನಾನು ಬಿಟ್ಟ ಬಾಯಿ ಮುಚ್ಚುತ್ತಿರಲಿಲ್ಲ. "ತಿನ್ನಲಿಕ್ಕಲ್ಲವ್ವಾ, ತಿಳ್ಕೊಳ್ಳಲಿಕ್ಕೆ" ಎಂದು ನಗುತ್ತಿದ್ದರು.

ಅಷ್ಟರಲ್ಲಿ ನಾನು ಬಸುರಿಯಾದೆ. ನೀರು ಕುಡಿದರೂ ವಾಂತಿ. ತೂಕ ಇಳಿಯುತ್ತಲೇ ಹೋಯಿತು. ಹೀಗೇ ಆದರೆ ಮಗುವಿಗೆ ಅಪಾಯ ಎಂದರು ಡಾಕ್ಟರು. ಹಿಂದೊಮ್ಮೆ ಮಗು ಕಳೆದುಕೊಂಡವಳು ನಾನು, ಜೀವ ಹಾರಿಹೋಯಿತು. ಊರಿಂದ ಬಂದ ಅತ್ತೆ ಮಾಡಿಕೊಟ್ಟ ಗಂಜಿ, ತಿಳಿಸಾರು ಒಂದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಒಂದು ಏಕಾದಶಿ ಮಧ್ಯಾಹ್ನ ಕಾಕು ಬೆಳ್ಳಿ ಬಟ್ಟಲು ಹಿಡಿದು ಮೇಲೆ ಬಂದರು. ಏಕಾದಶಿಯಂದು ಅವರು ಹನಿ ನೀರೂ ಮುಟ್ಟುವವರಲ್ಲ, ಒಲೆಯನ್ನಂತೂ ಹಚ್ಚುವವರೇ ಅಲ್ಲ. ಅಂದು ಹಚ್ಚಿದ್ದರು.

"ಇದಕ್ಕ ಕಾಡಲ್ ಅಂತಾರ. ಬೆಚ್ಚಗಿಂದು, ಅಷ್ಟ ಅರ್ಥ. ಬಾಣಂತ್ಯಾರಿಗೆ, ಜಡ್ಡಾದವ್ರಿಗೆ ಕುಡಸ್ತಿದ್ರು. ಅವ್ರ ಉಪಾಸದೊಳಗ ಹಾಲು ತತ್ತಿ ನಡೀತಿರ್ಲಿಲ್ಲ, ಬದಾಮಿ ಅರದು ಅದರ ಹಾಲು ತಗೀತಿದ್ರು. ಕೇಸರಿ, ಶುಂಠಿ, ಸಕ್ರಿ ಹಾಕೇನಿ." ಅತ್ತೆಯ ಮುಖ ನೋಡಿ, "ವೈನ್ ಬಿಟ್ಟೇನ್ರಿ, ಹೆದರಬ್ಯಾಡ್ರಿ" ಎಂದರು.

ಒಂದು ಗುಟುಕು ಕುಡಿದೆ. ಮೂವರೂ ಕಾದೆವು. ಇನ್ನೊಂದು ಗುಟುಕು. ನಿಂತಿತು! ಎಲ್ಲಿಯ ದೇಶ, ಎಲ್ಲಿಯ ಕಾಲ! ನನ್ನ ಹಾಗೇ ಹೆದರಿ ಮಲಗಿದ್ದ ಯಾವಳಿಗೋ ಯಾರೋ ಕಾಸಿಕೊಟ್ಟದ್ದು ಈಗ ನನ್ನ ಗಂಟಲಲ್ಲಿ ಇಳಿಯುತ್ತಿದೆ ಎನಿಸಿತು. ಅತ್ತುಬಿಟ್ಟೆ. "ಅಳೂದು ಆಮ್ಯಾಲೆ. ಆರ್ತದ, ಕುಡಿ" ಎಂದು ಗದರಿದರು ಕಾಕು. ವಾಂತಿ ಪೂರ್ತಿ ನಿಲ್ಲುವವರೆಗೂ ದಿನಾ ಮಾಡಿ ತಂದುಕೊಟ್ಟರು. ಮಗಳು ಗುಂಡಗುಂಡಗೆ ಹುಟ್ಟಿದಳು.

ಅವಳು ಶಾಲೆಗೆ ಸೇರಿದ ವರ್ಷ ಕಾಕು ತೀರಿಕೊಂಡರು. ಮೊಮ್ಮಗಳು ಹುಟ್ಟಿದ ಮೇಲೆ ನಮ್ಮಲ್ಲೇ ಉಳಿದಿದ್ದ ಅತ್ತೆ ಮಾರನೆಯ ಬೆಳಿಗ್ಗೆ ಎಂದಿನಂತೆ ಪೂಜೆಗೆ ಕೂತರು. "ಮನೆ ಓನರು ಕಣೇ, ನಮಗೆ ಸೂತಕ ಬರಲ್ಲ" ಎಂದರು.

"ನನಗೆ ಬರುತ್ತೆ ಅತ್ತೆ" ಎಂದೆ.

ಅತ್ತೆ ಏನೋ ಹೇಳಹೊರಟರು. ಯೂನಿಫಾರಂ ತೊಟ್ಟು ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳನ್ನು ನೋಡಿದರು. ಕೈಗೆತ್ತಿಕೊಂಡಿದ್ದ ಗಂಟೆಯನ್ನು ಮೆಲ್ಲಗೆ ಕೆಳಗಿಟ್ಟರು. ಹತ್ತು ದಿನ ನಮ್ಮ ಮನೆಯಲ್ಲಿ ಪೂಜೆ ನಡೆಯಲಿಲ್ಲ.