ಕೈ ತೊಳೆಯುವ ಜಾಗದಲ್ಲಿದ್ದ ಐರಾಣಿ

ಮುಳಬಾಗಿಲು ರಸ್ತೆಯಲ್ಲಿ ಒಂದು ಡಾಬಾ ಇದೆ. ಹೆಸರು ಬೇಡ. ಅದರ ಯಜಮಾನನ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ. ಆರಿಸಿಕೊಳ್ಳುವ ಮನಸ್ಸೂ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ನಾನು ಹಳೇ ಮಣ್ಣಿನ ಸಾಮಾನು ಕೂಡಿಡುವವನು. ವೇಮಗಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸ. ವಾರದ ರಜೆ ಬಂದರೆ ಬೈಕಿನ ಹಿಂದೆ ಗೋಣಿಚೀಲ, ಒಂದಿಷ್ಟು ಒಣಹುಲ್ಲು ಕಟ್ಟಿಕೊಂಡು ಹೊರಡುತ್ತೇನೆ. ಮಾಲೂರಿನ ಮುಚ್ಚಿಹೋದ ಹೆಂಚಿನ ಕಾರ್ಖಾನೆಯಿಂದ ತಂದ ನವಿಲಿನ ಹೆಂಚಿದೆ. ಶ್ರೀನಿವಾಸಪುರದ ಮಾವಿನ ತೋಪಿನವರು ಹಿತ್ತಲಿಗೆ ಎಸೆದಿದ್ದ ಉಪ್ಪಿನಕಾಯಿ ಜಾಡಿ ಇದೆ. ಗೊಂಬೆ ಆಡಿಸುವವರು ಕೊಟ್ಟ, ಒಂದು ಕೈ ಇಲ್ಲದ ತೊಗಲುಗೊಂಬೆ ಇದೆ. ಜನ ಯಾಕೆ ಅಂತ ಕೇಳುತ್ತಾರೆ. ಇಷ್ಟ, ಅಷ್ಟೇ. ಬೇರೆಯವರು ಕುಡಿಯುತ್ತಾರೆ, ನಾನು ಮಡಕೆ ತರುತ್ತೇನೆ.

ಹುಡುಕುವುದಕ್ಕೆ ಒಂದು ದಾರಿ ಇದೆ. ಮನೆಯವರನ್ನು ಹಳೇದು ಏನಾದರೂ ಇದೆಯಾ ಎಂದು ಕೇಳಬಾರದು. ಕೇಳಿದರೆ ಹಿತ್ತಾಳೆ ತಂಬಿಗೆ ತೋರಿಸುತ್ತಾರೆ. ಕೋಳಿಯನ್ನು ಕಾವಿಗೆ ಎಲ್ಲಿ ಕೂರಿಸಿದ್ದೀರಿ ಎಂದು ಕೇಳಬೇಕು. ಬಾಯಿ ಒಡೆದ ಗುಡಾಣ, ಚಿತ್ರ ಬರೆದ ಮಡಕೆ ಎಲ್ಲ ಅಲ್ಲೇ, ಕೋಳಿಯ ಕೆಳಗೇ ಇರುತ್ತವೆ.

ಇಷ್ಟೆಲ್ಲ ತಂದರೂ ನಮ್ಮ ಮನೆಯ ಒಳ್ಳೆಯ ಮಡಕೆ ನಾನು ತಂದದ್ದಲ್ಲ. ಅದು ಅಮ್ಮನ ಐರಾಣಿ. ನಮ್ಮ ಕಡೆ ಮದುವೆಗೆ ಮುಂಚೆ ಹೆಂಗಸರು ತಮಟೆಯ ಜೊತೆ ಕುಂಬಾರರ ಮನೆಗೆ ಹೋಗಿ, ಪೂಜೆ ಮಾಡಿ, ಬಣ್ಣ ಬರೆದ ಮಡಕೆಗಳನ್ನು ತಲೆಯ ಮೇಲೆ ಹೊತ್ತು ಚಪ್ಪರಕ್ಕೆ ತರುತ್ತಾರೆ. ಅವಕ್ಕೇ ಐರಾಣಿ ಅನ್ನುವುದು. ಈಗ ಎಷ್ಟೋ ಜನ ಸ್ಟೀಲ್ ಬಿಂದಿಗೆಗೆ ಸುಣ್ಣ ಬಳಿದು ಮುಗಿಸುತ್ತಾರೆ. ಅಮ್ಮನ ತವರು ರಾಯಲ್ಪಾಡು ಕಡೆ. ಅಲ್ಲಿಯ ಕುಂಬಾರರ ಮನೆಯಿಂದ ಬಂದದ್ದು ಇದು. ಬಿಳಿ ಸುಣ್ಣ, ಕೆಮ್ಮಣ್ಣು, ಕತ್ತಿನ ಸುತ್ತ ಗಿಳಿಗಳ ಸಾಲು. ಒಂದು ಗಿಳಿ ಮಾತ್ರ ಹಿಂದಕ್ಕೆ ತಿರುಗಿ ನೋಡುತ್ತದೆ. ಅಮ್ಮ ಅದರಲ್ಲಿ ಅವರೆ ಬೀಜಕ್ಕೆ ಬೂದಿ ಬೆರೆಸಿ ಮುಂದಿನ ಬಿತ್ತನೆಗೆ ಇಡುತ್ತಿದ್ದಳು. ಅಪ್ಪ ಹೋದ ಮೇಲೆ ತಾಳಿ ತೆಗೆದಳು, ಬಳೆ ತೆಗೆದಳು. ಮದುವೆಯದು ಅಂತ ಉಳಿದದ್ದು ಆ ಮಡಕೆ ಒಂದೇ.

ಡಾಬಾದವನು ಹೊರಗಿನವನಲ್ಲ, ಈ ಕಡೆಯವನೇ. ಡಾಬಾವನ್ನು ಹಳ್ಳಿ ಮನೆ ಥರ ಮಾಡಬೇಕು ಅಂತ ಹಳೇ ಸಾಮಾನು ಹುಡುಕುತ್ತಿದ್ದ. ನನ್ನ ವಿಷಯ ಯಾರೋ ಹೇಳಿದ್ದರು. ಬಿಳಿ ಕಾರಿನಲ್ಲಿ ಬಂದ. ಎಲ್ಲ ತೋರಿಸಿದೆ, ಕಾಫಿ ಕೊಟ್ಟೆ. ಅವನ ಕಣ್ಣು ಐರಾಣಿಯ ಮೇಲೆ ಬಿತ್ತು. ಅದು ಕೊಡುವುದಲ್ಲ ಎಂದೆ. ನಕ್ಕು ಹೋದ.

ಆಮೇಲೆ ಒಂದು ದಿನ ನಾನು ಕೆಲಸ ಮುಗಿಸಿ ಬಂದೆ. ಅವರೆ ಬೀಜವೆಲ್ಲ ಪೇಪರ್ ಮೇಲೆ ಗುಡ್ಡೆ ಬಿದ್ದಿತ್ತು. ಬಾಗಿಲ ಪಕ್ಕ ಒಂದು ಹೊಸ ನೀಲಿ ಪ್ಲಾಸ್ಟಿಕ್ ಡ್ರಮ್ಮು.

"ಮಡಕೆ ಎಲ್ಲಮ್ಮ?"

"ಆ ಕಾರಿನವ್ರು ತಗೊಂಡ್ಹೋದ್ರು. ನೀನೇ ಕಳ್ಸಿದ್ದಂತಲ್ಲೋ. ಮಡಕೆ ತಗೊಂಡು ಡ್ರಮ್ ಕೊಟ್ಟು ಬಾ ಅಂದ್ಯಂತೆ."

"ನಾನ್ಯಾಕಮ್ಮ ಹಂಗಂತೀನಿ?"

ಅಮ್ಮ ಬೀಜದ ಗುಡ್ಡೆಯ ಮುಂದೆ ಕೂತಳು. "ಅಕ್ಕಾ ಅಂತ ಕರ್ದ ಕಣೋ," ಎಂದಳು. ಅಷ್ಟೇ. ಆಮೇಲೆ ಆ ಮಾತೇ ಎತ್ತಲಿಲ್ಲ. ಆ ಡ್ರಮ್ಮಿಗೆ ಒಂದು ದಿನವೂ ನೀರು ತುಂಬಲಿಲ್ಲ.

ಮಾರನೇ ದಿನವೇ ಡಾಬಾಕ್ಕೆ ಹೋದೆ. ಐರಾಣಿ ಕೈ ತೊಳೆಯುವ ನಲ್ಲಿಗಳ ಪಕ್ಕದಲ್ಲಿತ್ತು. ಒಳಗೆ ಪ್ಲಾಸ್ಟಿಕ್ ಸೂರ್ಯಕಾಂತಿ ಹೂವು ತುರುಕಿದ್ದರು. ಉಂಡವರು ಬಾಯಿ ಮುಕ್ಕಳಿಸುತ್ತಿದ್ದರು, ಕೈ ಕೊಡವುತ್ತಿದ್ದರು, ಆ ನೀರು ಗಿಳಿಗಳ ಮೇಲೆ ಇಳಿಯುತ್ತಿತ್ತು. ಯಜಮಾನ ಗಲ್ಲಾದಲ್ಲಿ ಕೂತಿದ್ದ.

"ಅಣ್ಣ, ನಮ್ಮಮ್ಮನ ಮಡಕೆ ಕೊಟ್ಬಿಡಿ."

"ನಿಮ್ಮಮ್ಮನೇ ಕೊಟ್ಟಿದ್ದಲ್ವೇನ್ಲಾ. ಯಾಕೆ, ಡ್ರಮ್ ಸೋರ್ತಾ ಐತಾ?"

ಪಕ್ಕದಲ್ಲಿದ್ದವರು ನಕ್ಕರು. ಅವನಿಗೆ ಇನ್ನೂ ಹುರುಪು ಬಂತು.

"ಇನ್ನೊಂದು ಬೇಕಾದ್ರೆ ತಗೊಂಡ್ಹೋಗ್ಲಾ. ಅದನ್ನೂ ಮುಚ್ಚಳ ಸಮೇತ ಕೊಡ್ತೀನಿ."

ಅವನ ಕತ್ತಿನ ಪಟ್ಟಿ ಹಿಡಿಯಬೇಕು ಅನ್ನಿಸಿತು. ಎತ್ತಿಕೊಂಡು ಓಡಬೇಕು ಅನ್ನಿಸಿತು. ಮಡಕೆಯ ತೊಂದರೆ ಇದೇ. ಅದನ್ನು ಇಟ್ಟುಕೊಂಡು ಹೊಡೆದಾಡುವ ಹಾಗಿಲ್ಲ. ಕೈ ತೊಳೆಯುವವನ ಹಾಗೆ ಹೋಗಿ ಮುಟ್ಟಿ ನೋಡಿದೆ. ಬಾಯಿಯ ಅಂಚು ಒಂದು ಕಡೆ ಮುಕ್ಕಾಗಿತ್ತು. ಹಾಗೇ ವಾಪಸ್ ಬಂದೆ.

ಅವತ್ತಿನಿಂದ ನಾನು ಹುಡುಕುವ ರೀತಿ ಬದಲಾಯಿತು. ಮೊದಲು ಇಷ್ಟಕ್ಕೆ ಹುಡುಕುತ್ತಿದ್ದೆ, ಆಮೇಲೆ ಅವನಿಗೆ ಸಿಗಬಾರದು ಅಂತ ಹುಡುಕಿದೆ. ಅವನು ಎಲ್ಲಿಗೆ ಹೋಗಬಹುದೋ ಅಲ್ಲಿಗೆ ನಾನು ಮೊದಲು ಹೋದೆ. ಮಾಲೂರಿನ ಹೆಂಚಿನವರಿಗೆ, ಶ್ರೀನಿವಾಸಪುರದ ತೋಪಿನವರಿಗೆ, ಗೊಂಬೆಯವರಿಗೆ, ಎಲ್ಲರಿಗೂ ಅಮ್ಮನ ಕತೆ ಹೇಳಿದೆ. ಬಿಳಿ ಕಾರು ಬಂದರೆ ಏನೂ ಇಲ್ಲ ಅನ್ನಿ ಎಂದೆ. ಅಂದರು. ಊರದೇವರಿಗೆ ಹರಕೆಗೆ ಬಿಡುವ ಮಣ್ಣಿನ ಕುದುರೆ ಬೇಕು ಅಂತ ಅವನು ಊರೂರು ಸುತ್ತಿ, ಕೊನೆಗೆ ಸಿಮೆಂಟಿನ ಕುದುರೆ ಮಾಡಿಸಿ ಡಾಬಾದ ಮುಂದೆ ನಿಲ್ಲಿಸಿದ. ಒಳ್ಳೆ ಕತ್ತೆ ಥರ ಇತ್ತು. ನೋಡಿ ನನಗೆ ಖುಷಿಯಾಯಿತು. ಸಾಕಾಗಲಿಲ್ಲ.

ರಾಯಲ್ಪಾಡಿನ ಹತ್ತಿರ ಒಬ್ಬ ಕುಂಬಾರರ ಅಜ್ಜಿ ಇದ್ದಾಳೆ. ನಾನು ಸುತ್ತಿದ ಮಟ್ಟಿಗೆ, ಕೈಯಲ್ಲಿ ಐರಾಣಿ ಬರೆಯುವವರು ಅವಳನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ. ಅವಳಿಗೂ ಕತೆ ಹೇಳಿದೆ. ಹಿಂದಕ್ಕೆ ನೋಡುವ ಗಿಳಿ ಅಂದ ತಕ್ಷಣ ಅವಳ ಕೈ ನಿಂತಿತು.

"ಅದು ನಮ್ಮತ್ತೆ ಕೈದು ನಾಯ್ನಾ. ಎಲ್ಲಿಟ್ಟವ್ನೆ ಈಗ?"

"ಕೈ ತೊಳ್ಯೋ ತಾವ."

ಅಜ್ಜಿ ಬೈಯಲಿಲ್ಲ. ಅರ್ಧ ಬರೆದಿದ್ದ ಗೆರೆ ಮುಗಿಸಿ, ಕಡ್ಡಿ ಕೆಳಗಿಟ್ಟಳು. "ರಾನೀ. ಬರ್ಲಿ. ಅವ್ನ ಮನೇಲೂ ಹೆಣ್ಣು ಐತೆ ಅಲ್ವಾ," ಎಂದಳು.

ಇತ್ತು. ಮಗಳಿಗೆ ಮದುವೆ ಗೊತ್ತಾಯಿತು. ಡಾಬಾದವನಿಗೆ ಸ್ಟೀಲ್ ಬಿಂದಿಗೆಯೇ ಸಾಕಿತ್ತು, ಆದರೆ ಅವನ ತಾಯಿ ಹಟ ಹಿಡಿದಳು. ಕೈಯಲ್ಲಿ ಬರೆದ ಐರಾಣಿ ಬರದಿದ್ದರೆ ಚಪ್ಪರಕ್ಕೆ ಕಾಲಿಡುವುದಿಲ್ಲ ಎಂದಳಂತೆ. ಅವರು ಐರಾಣಿ ಮಾಡಿಕೊಡಿ ಅಂತ ವೀಳ್ಯ ಕೊಡುವುದಕ್ಕೆ ಬರುವ ದಿನ ಅಜ್ಜಿ ನನಗೆ ಫೋನ್ ಮಾಡಿಸಿದಳು. ರಜೆ ಹಾಕಿ ಹೋಗಿ, ಮಡಕೆ ಸುಡುವ ಆವಿಗೆಯ ಪಕ್ಕ ಕೂತೆ.

ಅವನು, ಹೆಂಡತಿ, ತಾಯಿ ಬಂದರು. ತಟ್ಟೆಯಲ್ಲಿ ಎಲೆ ಅಡಿಕೆ, ಅಕ್ಕಿ, ಬೆಲ್ಲ. ಅಜ್ಜಿ ತಟ್ಟೆ ಮುಟ್ಟಲಿಲ್ಲ.

"ಅದಿರ್ಲಪ್ಪ. ನಿನ್ ಹೋಟ್ಲಾಗೆ ಕೈ ತೊಳ್ಯೋ ತಾವ ಒಂದು ಐರಾಣಿ ಐತಂತಲ್ಲ. ಯಾವ ಮನೇದು?"

ಅವನು ಆಗ ನನ್ನನ್ನು ನೋಡಿದ. ನಾನು ಮುಖ ತಿರುಗಿಸಲಿಲ್ಲ.

"ಶೋಗೆ ಇಟ್ಟಿರೋ ಹಳೇ ಮಡಕೆ ಅಜ್ಜಿ ಅದು."

ಅವನ ತಾಯಿ ಕೂತಲ್ಲಿಂದ ಎದ್ದಳು. "ಲೇ, ಆ ಹೂವಿನ ಕುಂಡನಾ? ಅದು ಐರಾಣಿನಾ? ಪೈಂಟ್ ಹೊಡ್ಸಿರೋದು ಅಂದ್ಯಲ್ಲೋ ನನ್ ಹತ್ರ."

"ಅಮ್ಮ, ನೀನು ಸುಮ್ನಿರು."

"ಎಂಜಲು ನೀರು ಹೊಯ್ಸಿದೀಯ ಅದ್ರ ಮೇಲೆ. ನಾನ್ಯಾಕ್ ಸುಮ್ನಿರ್ಲಿ?"

ಅಜ್ಜಿ ಮೆಲ್ಲಗೆ ಹೇಳಿದಳು. ಇನ್ನೊಬ್ಬರ ಐರಾಣಿ ಅವನ ಹತ್ತಿರ ಇರುವ ತನಕ ಅವಳು ಹೊಸದು ಕೊಡುವ ಹಾಗಿಲ್ಲ. ಅದು ಹೇಗೆ ಬಂದಿತ್ತೋ ಹಾಗೇ ಹೋಗಬೇಕು. ತಲೆಯ ಮೇಲೆ, ತಮಟೆಯ ಜೊತೆ, ಆ ತಾಯಿಯ ಕೈಗೆ.

"ಕಾರಲ್ಲಿ ಕಳಿಸ್ತೀನಿ."

"ಕಾರು ಊರಬಾಗ್ಲು ತನ್ಕ. ಬೆಳಿಗ್ಗೆ ಹೊತ್ಕೊಂಡು ಹೋಗ್ಬೇಕು, ಡೈರಿಗೆ ಹಾಲು ಹಾಕೋ ಹೊತ್ತಿಗೆ."

ಡೈರಿಯ ಮಾತು ನಾನು ಹೇಳಿಕೊಟ್ಟದ್ದು. ಹೊತ್ತುಕೊಂಡು ಹೋಗುವುದಕ್ಕೆ ಅವನ ಹೆಂಡತಿ ಮುಂದೆ ಬಂದಳು. ಅವನ ತಾಯಿ ಬಿಡಲಿಲ್ಲ. "ತಂದೋನೇ ಹೊರ್ಲಿ," ಎಂದಳು.

ಅವರು ಹೋದ ಮೇಲೆ ಅಜ್ಜಿಯನ್ನು ಕೇಳಿದೆ. "ಅಜ್ಜಿ, ಈ ಪದ್ಧತಿ ನಿಜವಾಗ್ಲೂ ಐತಾ?"

"ಇವತ್ತಿಂದ ಐತೆ," ಎಂದಳು.

ನಮ್ಮ ಊರು ಕ್ಯಾಲನೂರಿನ ಪಕ್ಕ. ಬೆಳಿಗ್ಗೆ ಡೈರಿಯ ಮುಂದೆ ಊರೇ ಕ್ಯಾನ್ ಹಿಡಿದು ನಿಂತಿರುತ್ತದೆ. ಹೇಳಿದ ಹೊತ್ತಿಗೆ ಅವನು ಊರಬಾಗಿಲಲ್ಲಿ ಕಾರಿನಿಂದ ಇಳಿದ. ತಲೆಯ ಮೇಲೆ ಟವಲಿನ ಸಿಂಬೆ, ಅದರ ಮೇಲೆ ಐರಾಣಿ. ಚಪ್ಪಲಿ ಇಲ್ಲ. ಹಿಂದೆ ತಮಟೆಯವರು, ಅವರ ಹಿಂದೆ ಅವನ ತಾಯಿ. ಮಡಕೆ ಜಾರೀತು ಅಂತ ಎರಡೂ ಕೈ ಮೇಲಿತ್ತು, ಹಾಗಾಗಿ ಮುಖ ಒರೆಸಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ.

"ಏನಣ್ಣ, ಮದ್ವೆ ಮಗಳಿಗಾ ನಿಮಗಾ?" ಕ್ಯಾನ್ ಹಿಡಿದಿದ್ದ ಒಬ್ಬ ಕೇಳಿದ.

"ಮೆಲ್ಲಗೆ ನಡೀರಿ ಸ್ವಾಮಿ, ಮದುಮಗಳು ಎಡವಬಾರ್ದು," ಇನ್ನೊಬ್ಬ.

ನಾನು ನಗಲಿಲ್ಲ. ನಕ್ಕರೆ ಬೇಗ ಮುಗಿದುಹೋಗುತ್ತದೆ. ನಮ್ಮ ಬಾಗಿಲ ತನಕ ಅವನ ಪಕ್ಕದಲ್ಲೇ ನಡೆದೆ.

ಮುತ್ತೈದೆ ಯಾರಾದರೂ ಇಳಿಸಿಕೊಳ್ಳಲಿ ಅಂತ ಪಕ್ಕದ ಮನೆಯ ಹೆಂಗಸು ಕೈ ಚಾಚಿದಳು. ಅವನ ತಾಯಿ ಅವಳನ್ನು ತಡೆದಳು. "ಅವಮ್ಮನ ಕೈಗೇ," ಎಂದಳು. ಅಮ್ಮ ಹೊಸಿಲು ದಾಟಿ ಬಂದು ಇಳಿಸಿಕೊಂಡಳು. ಮುಕ್ಕಾದ ಅಂಚಿನ ಮೇಲೆ ಬೆರಳಾಡಿಸಿದಳು. ಸುಣ್ಣ ಕರಗಿ ಅರ್ಧ ಗಿಳಿಗಳು ಅಳಿಸಿಹೋಗಿದ್ದವು. ತಿರುಗಿ ನೋಡುವ ಗಿಳಿ ಉಳಿದಿತ್ತು.

"ತಪ್ಪಾಯ್ತಕ್ಕ," ಎಂದ ಅವನು.

ಅಮ್ಮ ಒಳಗೆ ಹೋದಳು. ಮಡಕೆ ಇಟ್ಟು, ಆ ನೀಲಿ ಡ್ರಮ್ಮು ಉರುಳಿಸಿಕೊಂಡು ಬಂದಳು. ಇದು ನನಗೂ ಗೊತ್ತಿರಲಿಲ್ಲ. ಡಾಬಾದಲ್ಲಿ ಅವನು ನನಗೆ ಆಡಿದ ಮಾತನ್ನೆಲ್ಲ ಅವತ್ತೇ ಅವಳಿಗೆ ಹೇಳಿದ್ದೆ, ಅಷ್ಟೇ.

"ನಿಮ್ದು ತಗೊಂಡ್ಹೋಗಪ್ಪ. ಸೋರಲ್ಲ. ಮುಚ್ಚಳ ಸಮೇತ ಐತೆ, ನೋಡ್ಕೋ."

ಅವನು ಸುತ್ತ ನೋಡಿದ. ಡೈರಿಯವರೆಲ್ಲ ಹಿಂದೆಯೇ ಬಂದಿದ್ದರು. ಡ್ರಮ್ಮನ್ನು ಹೆಗಲಿಗೆ ಹಾಕಿಕೊಂಡ. ತಮಟೆಯವನು ನನ್ನ ಕಡೆ ತಿರುಗಿ, "ಸಾಕಾ, ಬಾರಿಸ್ಬೇಕಾ?" ಎಂದು ಕೇಳಿದ.

"ಕಾರಿನ ತನ್ಕ ಬಾರ್ಸು," ಎಂದೆ.

ಬಾರಿಸಿದ.

ಅಜ್ಜಿ ಅವನ ಮಗಳಿಗೆ ಒಳ್ಳೆಯ ಮಡಕೆಗಳನ್ನೇ ಬರೆದುಕೊಟ್ಟಳು. ಆ ಹುಡುಗಿಯ ಮೇಲೆ ನನಗೇನೂ ಇಲ್ಲ. ಅಮ್ಮನ ಐರಾಣಿಗೂ ಹೊಸದಾಗಿ ಬರೆದುಕೊಡುತ್ತೇನೆ ಎಂದಳು. ಅಮ್ಮ ಬೇಡ ಎಂದಳು. ಅವರೆ ಬೀಜ ಮತ್ತೆ ಅದರಲ್ಲೇ ಇದೆ, ಮುಕ್ಕಾದ ಕಡೆ ಗೋಡೆಗೆ ತಿರುಗಿಸಿ ಇಟ್ಟಿದ್ದಾಳೆ.

ಆ ಮುಕ್ಕು ನೋಡಿದಾಗಲೆಲ್ಲ ನನಗೆ ಸಾಕಾಗಲಿಲ್ಲ ಅನ್ನಿಸುತ್ತದೆ. ಮುಳಬಾಗಿಲು ಕಡೆ ಹೋದರೆ ಈಗಲೂ ಆ ಡಾಬಾದ ಮುಂದೆ ಬೈಕ್ ನಿಲ್ಲಿಸುತ್ತೇನೆ. ಊಟ ಮಾಡುವುದಿಲ್ಲ, ಟೀ ಕುಡಿಯುವುದಿಲ್ಲ. ಗಲ್ಲಾದ ಮುಂದೆಯೇ ಹಾದು ಒಳಗೆ ಹೋಗಿ, ಆ ಖಾಲಿ ಜಾಗದ ಪಕ್ಕ ನಿಂತು, ಅವನು ನೋಡುವ ತನಕ ನಿಧಾನವಾಗಿ ಕೈ ತೊಳೆದುಕೊಂಡು ಬರುತ್ತೇನೆ.